ಹೊಲಿದ ಹಡಗು, ಮರೆತ ಕಡಲು



ದನಿಯಲ್ಲಿ ಭೇಟಿಯಾಗುವ ನಾವು ಈ ಪುಟದಲ್ಲಿ ಅಕ್ಷರಗಳಲ್ಲಿ ಭೇಟಿಯಾಗುತ್ತಿದ್ದೇವೆ. ಮೊದಲು ಒಂದು ಸಣ್ಣ ಪ್ರಶ್ನೆ. ಸ್ವಾರಗೇಟಿನಲ್ಲಿ ನಿಂತು ಕರ್ನಾಟಕದ ಕಡೆಗೆ ಹೊರಟ ಬಸ್ಸುಗಳ ಫಲಕಗಳನ್ನು ನೀವೆಲ್ಲ ಓದಿದ್ದೀರಿ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರ, ಕಲಬುರಗಿ. ಇವುಗಳಲ್ಲಿ ಸಮುದ್ರದ ದಂಡೆಯ ಊರು ಎಷ್ಟಿವೆ? ಒಂದೂ ಇಲ್ಲ. ಪುಣೆಯಲ್ಲಿ ನೆಲೆಸಿದ ನಮ್ಮಲ್ಲಿ ಬಹಳಷ್ಟು ಜನರಿಗೆ ‘ನಮ್ಮ ಊರು’ ಎಂದರೆ ಎರೆಮಣ್ಣಿನ ಹೊಲ, ಜೋಳದ ತೆನೆ, ಕಲ್ಲಿನ ಕೋಟೆ, ಗುಮ್ಮಟ. ಕಡಲು ಎಂದರೆ ಗೋವಾಕ್ಕೋ ಅಲಿಬಾಗಕ್ಕೋ ಎರಡು ದಿನ ಹೋಗಿ ಬರುವ ಜಾಗ, ಅಷ್ಟೆ.

ಆದರೆ ಕನ್ನಡ ನಾಡಿಗೆ ಸುಮಾರು 300 ಕಿಲೋಮೀಟರು ಉದ್ದದ ಕಡಲ ದಂಡೆಯಿದೆ. ಕಾರವಾರ, ಗೋಕರ್ಣ, ಹೊನ್ನಾವರ, ಭಟ್ಕಳ, ಬಸರೂರು, ಮಲ್ಪೆ, ಮಂಗಳೂರು ಹೀಗೆ ಸಾಲಾಗಿ ಬಂದರುಗಳಿವೆ. ಈ ಬಂದರುಗಳ ಕಥೆ ನಮ್ಮ ಶಾಲೆಯ ಇತಿಹಾಸದಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ನಮ್ಮ ರಾಜರೆಲ್ಲ ಕುದುರೆ ಏರಿ ಬರುತ್ತಾರೆ, ಹಡಗು ಏರಿ ಬರುವವರು ಯಾವಾಗಲೂ ಪರದೇಶದವರು. ಇದು ಅರ್ಧ ಕಥೆ. ಉಳಿದರ್ಧವನ್ನು ಇವತ್ತು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದ್ದಕ್ಕೆ ಕಾರಣ, ಬೇಸಿಗೆಯ ಒಂದು ದಿನ ಕಾರವಾರದಲ್ಲಿ ನಡೆದ ಒಂದು ಸಮಾರಂಭ.

ಮೊಳೆಯಿಲ್ಲದ ಹಡಗು

2025ರ ಮೇ 21. ಕಾರವಾರದ ನೌಕಾನೆಲೆಯಲ್ಲಿ ಕೇಂದ್ರ ಸಂಸ್ಕೃತಿ ಸಚಿವ ಗಜೇಂದ್ರ ಸಿಂಗ್ ಶೇಖಾವತ್ ಅವರ ಸಮ್ಮುಖದಲ್ಲಿ ಒಂದು ಹಡಗನ್ನು ನೌಕಾಪಡೆಗೆ ಸೇರಿಸಿಕೊಳ್ಳಲಾಯಿತು. ಕ್ಷಿಪಣಿ ಹಾರಿಸುವ ಹಡಗಲ್ಲ, ವಿಮಾನ ಹೊರುವ ಹಡಗೂ ಅಲ್ಲ. ಇಂಜಿನ್ನಿಲ್ಲದ, ಹಾಯಿ ಬಿಚ್ಚಿ ಗಾಳಿಯಿಂದ ಸಾಗುವ ಮರದ ಹಡಗು. ಹಲಗೆಗಳನ್ನು ಜೋಡಿಸಲು ಮೊಳೆ ಹೊಡೆದಿಲ್ಲ. ತೆಂಗಿನ ನಾರಿನ ಹಗ್ಗದಿಂದ ಒಂದೊಂದೇ ಹೊಲಿಗೆ ಹಾಕಿ ಕಟ್ಟಿದ್ದಾರೆ. ಹೆಸರು ‘ಕೌಂಡಿನ್ಯ’. ಪೂರ್ವದ ಕಡಲು ದಾಟಿ ಇಂದಿನ ಕಾಂಬೋಡಿಯಾದ ಕಡೆಗೆ ಹೋಗಿ, ಅಲ್ಲಿನ ರಾಜಕುಮಾರಿಯನ್ನು ಮದುವೆಯಾಗಿ ರಾಜ್ಯ ಕಟ್ಟಿದನೆಂದು ಹೇಳುವ ಐತಿಹ್ಯದ ನಾವಿಕನ ಹೆಸರು ಅದು.

ಹಡಗಿನ ಮಾದರಿ ಸಿಕ್ಕಿದ್ದು ನಮ್ಮ ಮಹಾರಾಷ್ಟ್ರದಲ್ಲೇ. ಅಜಂತಾದ ಗುಹೆಯ ಗೋಡೆಯ ಮೇಲೆ 5ನೆಯ ಶತಮಾನದ ಕಲಾವಿದನೊಬ್ಬ ಬಿಡಿಸಿದ ಹಡಗಿನ ಚಿತ್ರವೇ ಅದಕ್ಕೆ ಆಧಾರ. ಅಜಂತಾಕ್ಕೂ ಸಮುದ್ರಕ್ಕೂ ಎಷ್ಟು ದೂರ ಯೋಚಿಸಿ! ಅಷ್ಟು ಒಳನಾಡಿನ ಬೆಟ್ಟದ ಗುಹೆಯಲ್ಲಿ ಹಡಗಿನ ಚಿತ್ರ ಬರೆಯಬೇಕಾದರೆ ಆ ಕಾಲದ ಒಳನಾಡಿನ ಜನರಿಗೆ ಹಡಗು ಅಪರಿಚಿತವಾಗಿರಲಿಲ್ಲ ಎಂದಾಯಿತು. ಆದರೆ ಚಿತ್ರದಲ್ಲಿ ಕಾಣುವುದು ಹಡಗಿನ ಒಂದು ಮಗ್ಗುಲು ಮಾತ್ರ. ಅಳತೆಯಿಲ್ಲ, ನಕ್ಷೆಯಿಲ್ಲ. 2023ರ ಜುಲೈನಲ್ಲಿ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಗೋವಾದ ಹೋಡಿ ಇನ್ನೋವೇಶನ್ಸ್ ಸಂಸ್ಥೆ ಈ ಮೂವರ ನಡುವೆ ಒಪ್ಪಂದವಾಯಿತು. ಸೆಪ್ಟೆಂಬರ್ 12ರಂದು ಹಡಗಿನ ಬೆನ್ನೆಲುಬಿನಂತಿರುವ ಅಡಿಮರವನ್ನು ಇಟ್ಟರು. ಕೇರಳದ ಬಾಬು ಶಂಕರನ್ ಅವರ ಮುಂದಾಳತ್ವದಲ್ಲಿ ಕುಶಲಕರ್ಮಿಗಳು ಕೆಲಸಕ್ಕೆ ಕುಳಿತರು. ನೀರಿನಲ್ಲಿ ಅದು ಹೇಗೆ ವರ್ತಿಸೀತು ಎಂಬುದನ್ನು ಮದ್ರಾಸಿನ ಐಐಟಿಯಲ್ಲಿ ಮಾದರಿ ಮಾಡಿ ಪರೀಕ್ಷಿಸಿದರು. 2025ರ ಫೆಬ್ರವರಿಯಲ್ಲಿ ಹಡಗು ನೀರಿಗಿಳಿಯಿತು.

ಹಡಗನ್ನು ಹೊಲಿಯುವುದೆಂದರೇನು? ಇಂದಿನ ಮರದ ದೋಣಿಯಲ್ಲಿ ಮೊದಲು ಪಕ್ಕೆಲುಬಿನಂಥ ಚೌಕಟ್ಟು ನಿಲ್ಲಿಸಿ, ಆಮೇಲೆ ಅದಕ್ಕೆ ಹಲಗೆ ಬಡಿಯುವುದುಂಟು. ಹಳೆಯ ಪದ್ಧತಿ ಇದಕ್ಕೆ ತಿರುಗುಮುರುಗು. ಬಾಗಿಸಿದ ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ಮೊದಲು ಹೊರಮೈಯನ್ನೇ ಕಟ್ಟುತ್ತಾರೆ. ಅಂಚಿನುದ್ದಕ್ಕೂ ಸಾಲಾಗಿ ತೂತು ಕೊರೆಯುತ್ತಾರೆ. ಹಲಗೆಗಳು ಕೂಡುವ ಗೆರೆಯ ಮೇಲೆ ತೆಂಗಿನ ನಾರಿನ ಸಿಂಬಿಯನ್ನು ಒತ್ತಿಟ್ಟು, ನಾರಿನ ಹಗ್ಗವನ್ನು ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಎಳೆದು ಬಿಗಿಯುತ್ತಾರೆ. ಒಳಗೊಬ್ಬ, ಹೊರಗೊಬ್ಬ. ಇಬ್ಬರ ಬಲವೂ ಒಂದೇ ಹದದಲ್ಲಿರಬೇಕು. ಕೊನೆಗೆ ಮರದ ರಾಳ, ಮೀನೆಣ್ಣೆ ಮೊದಲಾದವುಗಳಿಂದ ತೂತು ಮುಚ್ಚಿ ಮೈಗೆ ಲೇಪ ಕೊಡುತ್ತಾರೆ. ನಮ್ಮ ಕಡೆ ಅವ್ವಂದಿರು ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುತ್ತಾರಲ್ಲ, ಅದೇ ತಾಳ್ಮೆಯನ್ನು ಮರದ ಮೇಲೆ ಕಲ್ಪಿಸಿಕೊಳ್ಳಿ.

‘ಅಷ್ಟೆಲ್ಲ ಯಾಕೆ? ಕಬ್ಬಿಣದ ಮೊಳೆ ಇರಲಿಲ್ಲವೇ?’ ಎಂದು ನೀವು ಕೇಳಬಹುದು. ಇತ್ತು. ನಮ್ಮ ಪೂರ್ವಿಕರಿಗೆ ಕಬ್ಬಿಣ ಕಾಸುವುದು ಚೆನ್ನಾಗಿಯೇ ಗೊತ್ತಿತ್ತು. 14ನೆಯ ಶತಮಾನದಲ್ಲಿ ನಮ್ಮ ಕರಾವಳಿಯುದ್ದಕ್ಕೂ ಓಡಾಡಿದ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತ ಇದಕ್ಕೆ ಕಾರಣ ಬರೆದಿಟ್ಟಿದ್ದಾನೆ. ಮೊಳೆ ಹೊಡೆದ ಹಡಗು ಬಂಡೆಗೆ ಬಡಿದರೆ ಒಡೆಯುತ್ತದೆ, ಹೊಲಿದ ಹಡಗು ಬಳುಕುತ್ತದೆ ಎಂಬುದು ಅವನ ವಿವರಣೆ. ದಂಡೆಯ ಮರಳಿಗೆ ಹಡಗನ್ನು ಎಳೆದು ತರಬೇಕಾದ, ಅಳಿವೆಯ ಮರಳದಿಬ್ಬಗಳನ್ನು ದಾಟಬೇಕಾದ ಕರಾವಳಿಗೆ ಬಳುಕುವ ಹಡಗೇ ಸರಿ. ಹೊಲಿಗೆ ಸಡಿಲವಾದರೆ ಬಿಚ್ಚಿ ಮತ್ತೆ ಹೊಲಿಯಬಹುದು.

ಇನ್ನು ಆ ಹಗ್ಗ. ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಕೊಳೆಹಾಕಿ, ಬಡಿದು, ನಾರು ಬಿಡಿಸಿ, ಹೊಸೆದು ಮಾಡುವ ಹಗ್ಗ ಸಮುದ್ರದ ನೀರಿಗೆ ಬೇಗ ಹಾಳಾಗುವುದಿಲ್ಲ. ಲಕ್ಷದ್ವೀಪದ ಉತ್ತರ ಭಾಗದ ಅಮಿನ್‌ದೀವಿ ದ್ವೀಪಗಳು 1956ರವರೆಗೆ ಮದ್ರಾಸ್ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಆ ದ್ವೀಪದವರು ಹೊಸೆದ ನಾರಿನ ಹಗ್ಗ ಓಡಗಳಲ್ಲಿ ಮಂಗಳೂರಿಗೆ ಬರುತ್ತಿತ್ತು, ಅದಕ್ಕೆ ಬದಲಾಗಿ ಅಕ್ಕಿ ಹೋಗುತ್ತಿತ್ತು. ಹಗ್ಗದ ವ್ಯಾಪಾರ ಸರ್ಕಾರದ ಏಕಸ್ವಾಮ್ಯವಾಗಿತ್ತು. 1980ರಲ್ಲಿ ಟಿಮ್ ಸೆವೆರಿನ್ ಎಂಬ ಸಾಹಸಿ ಒಮಾನಿನಲ್ಲಿ ‘ಸೋಹಾರ್’ ಎಂಬ ಹೊಲಿದ ಹಡಗು ಕಟ್ಟಿಸಿ ಚೀನಾದವರೆಗೆ ಸಾಗಿದಾಗ, ಹೊಲಿಗೆಗೆ ಕರೆಸಿದ್ದು ಇದೇ ಲಕ್ಷದ್ವೀಪದ ಕೈಗಳನ್ನು.

ಹಾಯಿಯ ಮೇಲಿನ ಗಂಡಭೇರುಂಡ

ಕೌಂಡಿನ್ಯದ ಹಾಯಿಯ ಮೇಲೆ ಸೂರ್ಯನ ಜೊತೆಗೆ ಗಂಡಭೇರುಂಡವಿದೆ. ಮೂತಿಯಲ್ಲಿ ಸಿಂಹಯಾಳಿ. ಕರ್ನಾಟಕದ ಬಸ್ಸಿನ ಮೇಲೆ, ಸರ್ಕಾರಿ ಕಾಗದದ ಮೇಲೆ ನಾವು ನೋಡಿ ನೋಡಿ ಅಭ್ಯಾಸವಾದ ಎರಡು ತಲೆಯ ಆ ಹಕ್ಕಿ ಸಮುದ್ರದ ನಡುವೆ ಗಾಳಿ ತುಂಬಿಕೊಂಡು ನಿಂತದ್ದನ್ನು ಕಂಡಾಗ ಕನ್ನಡಿಗರಿಗೆ ರೋಮಾಂಚನವಾಗುವುದು ಸಹಜ. ಆದರೆ ಬರೀ ಲಾಂಛನ ನೋಡಿ ಹಿಗ್ಗಿದರೆ ಸಾಲದು. ಅದರ ಹಿಂದೆ ನಿಜವಾದ ಕಡಲ ಕಥೆ ಇದೆಯೇ ಎಂದು ಕೇಳಿಕೊಳ್ಳಬೇಕು.

ಇದೆ. ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಿಕೇಶಿಯನ್ನು ನಾವು ಹರ್ಷವರ್ಧನನನ್ನು ತಡೆದ ವೀರನೆಂದು ಬಲ್ಲೆವು. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ ಬರೆದ 634ನೆಯ ಇಸವಿಯ ಶಾಸನ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಪಶ್ಚಿಮ ಸಮುದ್ರದ ಸಂಪತ್ತಿನ ನೆಲೆಯಾಗಿದ್ದ ‘ಪುರಿ’ ಎಂಬ ಪಟ್ಟಣವನ್ನು ಅವನು ನೂರಾರು ಹಡಗುಗಳಿಂದ ಮುತ್ತಿದ ಸಂಗತಿ ಅದು. ಈ ಪುರಿ ಮುಂಬೈ ಬಳಿಯ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಮಲಪ್ರಭೆಯ ಕಣಿವೆಯಲ್ಲಿ ಕುಳಿತ ಅರಸನಿಗೆ ನೂರಾರು ಹಡಗು ಎಲ್ಲಿಂದ ಬಂದವು? ಕರಾವಳಿಯ ಬಡಗಿಗಳು, ಅಂಬಿಗರು ಇಲ್ಲದೆ ಆ ಶಾಸನದ ಸಾಲು ಹುಟ್ಟುತ್ತಿರಲಿಲ್ಲ.

ಕಾರವಾರದ ನೌಕಾನೆಲೆಗೆ 2005ರ ಮೇ 31ರಂದು ಇಟ್ಟ ಹೆಸರು ‘ಐಎನ್‌ಎಸ್ ಕದಂಬ’. ಕದಂಬರು ಎಂದೊಡನೆ ಬನವಾಸಿಯ ಮಯೂರವರ್ಮ ನೆನಪಾಗುತ್ತಾನೆ. ಸಮುದ್ರದ ಮಟ್ಟಿಗೆ ನೆನೆಯಬೇಕಾದವರು ಅವರ ಶಾಖೆಯಾದ ಗೋವೆಯ ಕದಂಬರು. 11ನೆಯ ಶತಮಾನದ ತಾಮ್ರಪಟವೊಂದರಲ್ಲಿ ಒಂದು ಸೊಗಸಾದ ಕಥೆಯಿದೆ. ಕದಂಬ ಅರಸ ಗುಹಲ್ಲದೇವ ಸೋಮನಾಥ ಯಾತ್ರೆಗೆ ಕಡಲ ಹಾದಿ ಹಿಡಿದಾಗ ಹಡಗಿನ ಕೂವೆಮರ ಮುರಿಯಿತು. ಹತ್ತಿರದ ಗೋಪಕಪಟ್ಟಣದ ಬಂದರಿಗೆ ಹೋಗಿ ಸೇರಿಕೊಂಡಾಗ ಕೈಹಿಡಿದವನು ಅರಬ್ ಮೂಲದ ಒಬ್ಬ ಮುಸ್ಲಿಂ ವರ್ತಕ. ಆ ಉಪಕಾರವನ್ನು ಕದಂಬರು ಮರೆಯಲಿಲ್ಲ. ಗುಹಲ್ಲದೇವನ ವಂಶದ ಒಂದನೆಯ ಜಯಕೇಶಿ ಆ ವರ್ತಕನ ಮೊಮ್ಮಗನನ್ನು ಆಡಳಿತಾಧಿಕಾರಿಯನ್ನಾಗಿ ಮಾಡಿದ. ಬಂದರಿಗೆ ಬರುವ ಹಡಗುಗಳಿಂದ ಸುಂಕ ಎತ್ತುವ ಹಕ್ಕನ್ನೂ ಕೊಟ್ಟ. ಕಡಲಿನಲ್ಲಿ ಕೂವೆಮರ ಮುರಿದವನಿಗೆ ನೆರವಾಗುವವನ ಜಾತಿ ಕೇಳಿ ಸುಖವಿಲ್ಲ. ಬಂದರಿನ ಊರುಗಳು ಈ ಪಾಠವನ್ನು ಬೇಗ ಕಲಿತವು.

ಮಂಗಳೂರಿನಿಂದ ಕೈರೋಗೆ ಹೋದ ಪತ್ರಗಳು

ಅರಸರ ಮಾತು ಬಿಡಿ, ಸಾಮಾನ್ಯರ ಕಥೆಗೆ ಬರೋಣ. ಈಜಿಪ್ಟಿನ ಕೈರೋ ನಗರದ ಹಳೆಯ ಭಾಗದಲ್ಲಿ ಯಹೂದಿಗಳ ಒಂದು ಪ್ರಾರ್ಥನಾ ಮಂದಿರವಿದೆ. ದೇವರ ಹೆಸರಿರುವ ಕಾಗದವನ್ನು ಹರಿದೊಗೆಯಬಾರದೆಂಬ ನಂಬಿಕೆಯಿಂದ ಅವರು ಹಳೆಯ ಪತ್ರಗಳನ್ನೆಲ್ಲ ಒಂದು ಕೋಣೆಯಲ್ಲಿ ತುಂಬುತ್ತ ಬಂದಿದ್ದರು. ಆ ರಾಶಿಯಲ್ಲಿ ಮಂಗಳೂರಿನಲ್ಲಿದ್ದ ವ್ಯಾಪಾರಿಯೊಬ್ಬನ ಪತ್ರವ್ಯವಹಾರ ಸಿಕ್ಕಿತು. ಅವನ ಹೆಸರು ಅಬ್ರಹಾಂ ಬೆನ್ ಯಿಜು. ಇಂದಿನ ಟ್ಯುನೀಷಿಯಾದವನು. 1132ರ ಸುಮಾರಿಗೆ ಏಡನ್ ಬಂದರಿನಿಂದ ಮಂಗಳೂರಿಗೆ ಬಂದು, 1149ರವರೆಗೆ ಈ ಸೀಮೆಯಲ್ಲೇ ನೆಲೆಸಿದ. ಇಲ್ಲಿನ ಆಶು ಎಂಬವಳನ್ನು ಮದುವೆಯಾದ. ಕಂಚಿನ ಪಾತ್ರೆ ಎರಕ ಹೊಯ್ಯುವ ಕಾರ್ಖಾನೆ ಇಟ್ಟ. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಹೋಗುತ್ತಿತ್ತು. ಅಲ್ಲಿಂದ ಬರೆಯುವ ಕಾಗದ, ಕರಗಿಸಿ ಮತ್ತೆ ಎರಕ ಹೊಯ್ಯಲು ಹಳೆಯ ತಾಮ್ರ ಬರುತ್ತಿತ್ತು.

ಅವನ ಪತ್ರಗಳಲ್ಲಿ ಒಂದು ಹೆಸರು ಬರುತ್ತದೆ, ‘ಬೊಮ್ಮ’. ಬೆನ್ ಯಿಜುವಿನ ಆಳು ಅವನು. ಆದರೆ ಒಡೆಯನ ಪರವಾಗಿ ಹಡಗೇರಿ ಏಡನ್‌ಗೆ ಹೋಗಿ ಲಕ್ಷ್ಯವಿಟ್ಟು ವ್ಯಾಪಾರ ಮಾಡಿಕೊಂಡು ಬರುತ್ತಿದ್ದ ಪ್ರತಿನಿಧಿ. ಏಡನ್ನಿನ ದೊಡ್ಡ ವರ್ತಕರೂ ಅವನಿಗೆ ಸಲಾಮು ಹೇಳಿ ಕಳಿಸುತ್ತಿದ್ದರು. ಲೇಖಕ ಅಮಿತಾವ್ ಘೋಷ್ ಈ ಬೊಮ್ಮನನ್ನು ಹುಡುಕಿಕೊಂಡು ಮಂಗಳೂರಿಗೆ ಬಂದು, ಇದು ತುಳುನಾಡಿನ ಹೆಸರೆಂದು ಗುರುತಿಸಿ 1992ರಲ್ಲಿ ಪುಸ್ತಕ ಬರೆದರು. ಸುಮಾರು 900 ವರ್ಷಗಳ ಹಿಂದೆ ಹಾಯಿ ಹಡಗಿನಲ್ಲಿ ಅರಬ್ಬಿ ಸಮುದ್ರ ದಾಟಿದ ನಮ್ಮ ಕರಾವಳಿಯ ಒಬ್ಬ ಸಾಮಾನ್ಯನ ಹೆಸರು, ಯಾವ ಶಾಸನದಲ್ಲೂ ಅಲ್ಲ, ಕೈರೋದ ಹಳೆ ಕಾಗದದ ರಾಶಿಯಲ್ಲಿ ಉಳಿಯಿತು.

ಇದಕ್ಕಿಂತ ಹಳೆಯದೊಂದು ಕುತೂಹಲವೂ ಉಂಟು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ 2ನೆಯ ಶತಮಾನದ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ಕಡಲತೀರದ ದೃಶ್ಯವಿದೆ. ಅಲ್ಲಿನ ಪಾತ್ರಗಳಾಡುವ ಅರ್ಥವಾಗದ ಮಾತುಗಳು ಹಳೆಯ ಕನ್ನಡವೇ ಇರಬೇಕೆಂದು ಆರ್. ಶಾಮಶಾಸ್ತ್ರಿಗಳು, ಎಂ. ಗೋವಿಂದ ಪೈಗಳು ವಾದಿಸಿದರು. ಎಲ್ಲರೂ ಒಪ್ಪಿಲ್ಲ, ಚರ್ಚೆ ಇನ್ನೂ ನಡೆದಿದೆ.

ಇನ್ನು ಹೊನ್ನಾವರ. ಇಬ್ನ್ ಬತೂತ ಅಲ್ಲಿ ಗಂಡುಮಕ್ಕಳ 23 ಶಾಲೆಗಳನ್ನೂ ಹೆಣ್ಣುಮಕ್ಕಳ 13 ಶಾಲೆಗಳನ್ನೂ ಕಂಡದ್ದಾಗಿ ಬರೆದಿದ್ದಾನೆ. ಕಡಲ ವ್ಯಾಪಾರ ಊರಿಗೆ ಹಣವನ್ನಷ್ಟೇ ಅಲ್ಲ, ಅಕ್ಷರವನ್ನೂ ತಂದಿತ್ತು. ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರದ ವೈಭವ ವರ್ಣಿಸಿದ್ದನ್ನು ನಾವು ಪಠ್ಯದಲ್ಲಿ ಓದಿದ್ದೇವೆ. ಅವನು ಹಂಪಿಗೆ ಆಕಾಶದಿಂದ ಇಳಿಯಲಿಲ್ಲ. ಹೊರ್ಮುಜ್, ಮಸ್ಕತ್, ಕಲ್ಲಿಕೋಟೆ ದಾಟಿ ಮಂಗಳೂರಿನಲ್ಲಿ ಇಳಿದು ಘಟ್ಟ ಹತ್ತಿದವನು. 1444ರಲ್ಲಿ ಊರಿಗೆ ಮರಳಲು ಹಡಗು ಹತ್ತಿದ್ದು ಹೊನ್ನಾವರದಲ್ಲಿ. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬಿ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳವೂ ಒಂದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಹಂಪಿಯ ಕಲ್ಲಿನ ರಥವನ್ನು ನೋಡಿ ಬರುವ ನಾವು ಅದರ ಹಿಂದಿನ ಬಂದರುಗಳನ್ನು ನೋಡದೆ ಬರುತ್ತೇವೆ.

ಪುಣೆಗೂ ಬಸರೂರಿಗೂ

ಪುಣೆಯ ನಮಗೆ ಹತ್ತಿರವಾದ ಒಂದು ಅಧ್ಯಾಯವೂ ಇಲ್ಲಿದೆ. ಶಿವಾಜಿ ಮಹಾರಾಜರು ಮಾಲವಣದ ಎದುರಿಗೆ ಸಿಂಧುದುರ್ಗ ಕಟ್ಟಲು ತೊಡಗಿದ್ದು 1664ರಲ್ಲಿ. ಮರುವರ್ಷದ ಫೆಬ್ರವರಿಯಲ್ಲಿ ಅವರು ತಾವೇ ಹಡಗೇರಿ ದಂಡೆತ್ತಿ ಹೊರಟರು. 85 ಸಣ್ಣ ಯುದ್ಧನೌಕೆ, 3 ದೊಡ್ಡ ಹಡಗು. ಅವರು ಹೋದದ್ದು ಎಲ್ಲಿಗೆ? ನಮ್ಮ ಕುಂದಾಪುರದ ಬಳಿಯ ಬಸರೂರಿಗೆ! ಕೆಳದಿ ಅರಸರ ಸೀಮೆಯ, ಅಕ್ಕಿ ವ್ಯಾಪಾರಕ್ಕೆ ಹೆಸರಾದ ಸಿರಿವಂತ ಬಂದರು ಅದು. ಬಸರೂರಿನ ಪಾಲಿಗೆ ಅದು ಸೂರೆಯ ದಿನ. ಅಲ್ಲಿಂದ ಮರಳುವಾಗ ಗೋಕರ್ಣದಲ್ಲಿಳಿದು, ಅಂಕೋಲೆಯ ಹಾದಿಯಲ್ಲಿ ಕಾರವಾರಕ್ಕೆ ಬಂದರು. ಆಗ ಕಾರವಾರದಲ್ಲಿ ಇಂಗ್ಲಿಷ್ ಕಂಪನಿಯ ಕೋಠಿಯಿತ್ತು. ಊರು ಉಳಿಸಿಕೊಳ್ಳಲು ವರ್ತಕರು ಹಣ ಕೂಡಿಸಿ ಕೊಟ್ಟಾಗ ಇಂಗ್ಲಿಷರ ಪಾಲಿಗೆ ಬಂದದ್ದು 112 ಪೌಂಡು. ಮರಾಠಿ ಮತ್ತು ಕನ್ನಡ ಇತಿಹಾಸಗಳು ಬರೀ ಬೆಳಗಾವಿಯ ರಸ್ತೆಯಲ್ಲಿ ಭೇಟಿಯಾದವಲ್ಲ, ನೀರಿನ ಮೇಲೂ ಭೇಟಿಯಾಗಿವೆ.

ಮುಂದೆ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಅಂದಿನಿಂದ 1956ರ ನವೆಂಬರ್ 1ರ ತನಕ ಕಾರವಾರ ಮತ್ತು ಪುಣೆ ಒಂದೇ ಪ್ರಾಂತ್ಯದ ಊರುಗಳು. ಕವಿ ರವೀಂದ್ರನಾಥ ಟಾಗೋರರು 1883ರಲ್ಲಿ ಕಾರವಾರಕ್ಕೆ ಬಂದದ್ದು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ. ಇವತ್ತು ಕಾರವಾರದ ಕಡಲತೀರಕ್ಕೆ ಅವರದೇ ಹೆಸರು.

ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಕೇಳುಗರಿಗೆ ಇನ್ನೊಂದು ಮಾತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ ಹೋಯಿತು. ಆಗ ಬೆಲೆ ಏರಿದ್ದು ನಿಮ್ಮ ಎರೆಹೊಲದ ಹತ್ತಿಗೆ. ಆ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ತುಂಬಲೆಂದೇ ಕಾರವಾರದ ಬಂದರಿಗೆ ರಸ್ತೆ ಮಾಡಿಸಿದರು. ರೈಲು ಬರುತ್ತದೆಂದು ಊರು ಕಾದು ಕುಳಿತಿತ್ತು. ಆದರೆ ಘಟ್ಟ ಇಳಿದ ರೈಲು ಗೋವೆಯ ಮುರಗಾಂವಿಗೆ ಹೋಯಿತು. ಕಾರವಾರಕ್ಕೆ ರೈಲಿನ ಸದ್ದು ಕೇಳಿಸಿದ್ದು 1990ರ ದಶಕದಲ್ಲಿ, ಕೊಂಕಣ ರೈಲು ಬಂದ ಮೇಲೆ.

ಸೊಲ್ಲಾಪುರದ ಕೇಳುಗರು ನಗುತ್ತಿರಬಹುದು, ‘ನಮಗೂ ಕಡಲಿಗೂ ಎಲ್ಲಿಯ ನಂಟು’ ಎಂದು. ಪ್ರತಿ ಬೇಸಿಗೆ, ಏಪ್ರಿಲ್ 5ರಂದು ದೇಶ ರಾಷ್ಟ್ರೀಯ ನೌಕಾಯಾನ ದಿನ ಆಚರಿಸುತ್ತದೆ. 1919ರ ಆ ದಿನ ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಹಡಗು ಮುಂಬೈಯಿಂದ ಲಂಡನ್ನಿಗೆ ಹೊರಟಿತು. ಬ್ರಿಟಿಷ್ ಹಡಗು ಕಂಪನಿಗಳ ಹಿಡಿತಕ್ಕೆ ಭಾರತೀಯರು ಹಾಕಿದ ಸವಾಲು ಅದು. ಆ ಕಂಪನಿಯ ಹಿಂದಿದ್ದ ವಾಲಚಂದ ಹಿರಾಚಂದರು ಹುಟ್ಟಿದ್ದು 1882ರಲ್ಲಿ, ನಿಮ್ಮ ಸೊಲ್ಲಾಪುರದಲ್ಲೇ. ಪುಣೆಯೂ ಕಡಲಿಗೆ ಪೂರಾ ಹೊರಗಿನದಲ್ಲ. ಸ್ವಾರಗೇಟಿನಿಂದ ಸಿಂಹಗಡದ ದಾರಿ ಹಿಡಿದರೆ ಸಿಗುವ ಖಡಕವಾಸಲಾದಲ್ಲಿರುವ, 1916ರಲ್ಲಿ ಶುರುವಾದ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ ದೇಶದ ಬಂದರುಗಳ ಅಲೆತಡೆ ಗೋಡೆಗಳನ್ನು ಮಾದರಿ ಮಾಡಿ ಪರೀಕ್ಷಿಸುತ್ತದೆ. ಪಕ್ಕದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ನೌಕಾಪಡೆಯ ಹುಡುಗ ಹುಡುಗಿಯರು ಸಿಹಿನೀರಿನ ಕೆರೆಯಲ್ಲೇ ಹಾಯಿ ಕಟ್ಟಲು ಕಲಿಯುತ್ತಾರೆ.

ಹಬ್ಬ ಯಾರದು?

ಮತ್ತೆ ಕಾರವಾರಕ್ಕೆ ಬರೋಣ. ಮೇ ತಿಂಗಳಲ್ಲಿ ನೌಕಾಪಡೆ ಸೇರಿದ ಕೌಂಡಿನ್ಯ ಕೂಡಲೇ ದೂರದ ಯಾನಕ್ಕೆ ಹೊರಡಲಿಲ್ಲ. ಹೊರಡುವಂತೆಯೂ ಇರಲಿಲ್ಲ. ಜೂನ್ ಬಂತೆಂದರೆ ನೈಋತ್ಯದ ಮಳೆಗಾಳಿ ಸಮುದ್ರದ ಕಡೆಯಿಂದ ದಂಡೆಗೆ ಬೀಸುತ್ತದೆ, ಕಡಲು ಬಿರುಸಾಗುತ್ತದೆ. ಚಳಿಗಾಲದಲ್ಲಿ ಈಶಾನ್ಯದ ಗಾಳಿ ನೆಲದಿಂದ ಕಡಲಿಗೆ ತಿರುಗಿದಾಗ ಅರಬ್ಬಿ ದೇಶದತ್ತ ಹಾಯಿ ಬಿಚ್ಚಬೇಕು. ಬೊಮ್ಮನ ಕಾಲದ ಪಂಚಾಂಗ ಅದು. ಕೌಂಡಿನ್ಯವೂ ಅದಕ್ಕೇ ತಲೆಬಾಗಿ 2025ರ ಡಿಸೆಂಬರ್ 29ರಂದು ಗುಜರಾತಿನ ಪೋರಬಂದರಿನಿಂದ ಹೊರಟು, 2026ರ ಜನವರಿ 14ರಂದು, ಸಂಕ್ರಾಂತಿಯ ಹೊತ್ತಿಗೆ, ಮಸ್ಕತ್ ಮುಟ್ಟಿತು. ನಾವು ಎಳ್ಳುಬೆಲ್ಲ ಹಂಚುತ್ತಿದ್ದಾಗ ಗಂಡಭೇರುಂಡದ ಹಾಯಿ ಒಮಾನಿನ ಬಂದರಿನಲ್ಲಿ ಇಳಿಯುತ್ತಿತ್ತು.

ಸಂತೋಷದ ಸಂಗತಿಯೇ. ಆದರೂ ಒಂದು ಪ್ರಶ್ನೆ ಕೇಳದಿದ್ದರೆ ಇತಿಹಾಸಕ್ಕೆ ಮೋಸ ಮಾಡಿದಂತಾಗುತ್ತದೆ. ಇಷ್ಟು ದೊಡ್ಡ ಕರಾವಳಿಯಿರುವ ನಾಡಿನ ಬಂದರಿನಲ್ಲಿ ಸಮಾರಂಭ ನಡೆಯಿತು. ಹೊಲಿಗೆಯ ಮುಂದಾಳು ಕೇರಳದಿಂದ ಬರಬೇಕಾಯಿತು. ನಮ್ಮ ದಂಡೆಯ ಕೈಗಳಿಗೆ ಏನಾಯಿತು?

ಕಾರಣಗಳು ಹಲವು. ಪೋರ್ಚುಗೀಸರ ತೋಪು ಹೊತ್ತ ಹಡಗುಗಳ ಕಾಲದಲ್ಲಿ ಮೊಳೆ ಹೊಡೆದ ಗಟ್ಟಿ ಹಡಗಿಗೆ ಬೆಲೆ ಬಂತು. ಉಗಿಹಡಗಿನ ಕಾಲಕ್ಕೆ ಆಳವಾದ ಬಂದರು ಬೇಕಾಯಿತು. ಹೂಳು ತುಂಬಿದ ಅಳಿವೆಗಳ ಬಸರೂರು, ಹೊನ್ನಾವರಗಳು ಹಿಂದೆ ಬಿದ್ದವು. ಸರಕು ಸಾಗಿಸುತ್ತಿದ್ದ ಮಂಜಿ, ಪತ್ತೆಮಾರಿ, ಮಚವೆಗಳ ಕೆಲಸವನ್ನು ರಸ್ತೆ ಮತ್ತು ರೈಲು ಕಸಿದುಕೊಂಡವು. ಉಳಿದದ್ದು ಮೀನುಗಾರಿಕೆ. ನಮ್ಮ ಕರಾವಳಿಯ ರಂಪಣಿ ಬಲೆಯನ್ನು ನೀವು ಕೇಳಿರಬಹುದು. ಬಂಗುಡೆ, ತಾರ್ಲೆಯ ಹಿಂಡು ದಂಡೆಗೆ ಬಂದಾಗ ದೋಣಿಯಲ್ಲಿ ಹೋಗಿ ಉದ್ದನೆಯ ಬಲೆಯಿಂದ ಸುತ್ತುವರಿದು, ಎರಡೂ ತುದಿಗಳನ್ನು ಊರಿನ ಹತ್ತಾರು ಮಂದಿ ಸೇರಿ ದಡಕ್ಕೆ ಎಳೆಯುತ್ತಿದ್ದರು. ಎಳೆದವರಿಗೆಲ್ಲ ಪಾಲು. 1970ರ ದಶಕದ ನಡುಭಾಗದಲ್ಲಿ ಪರ್ಸೀನ್ ಬೋಟುಗಳು ಬಂದು ಮೀನು ದಂಡೆಗೆ ಬರುವ ಮೊದಲೇ ನಡುನೀರಿನಲ್ಲಿ ಬಳಿದುಕೊಳ್ಳತೊಡಗಿದವು. ಸಂಘರ್ಷ ನಡೆಯಿತು. ರಂಪಣಿ ಸೋತಿತು.

ಕದಂಬ ನೌಕಾನೆಲೆಯ ಕಥೆಗೂ ಎರಡು ಮುಖವಿದೆ. 1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ್ ಗಾಂಧಿ ‘ಸೀಬರ್ಡ್’ ಯೋಜನೆಗೆ ಅಡಿಗಲ್ಲು ಇಟ್ಟರು. ದೇಶದ ರಕ್ಷಣೆಗೆ ಅದು ಬೇಕಾಗಿತ್ತು, ಇದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕಾಗಿ ಅರ್ಗಾ, ಬಿಣಗಾ ಮೊದಲಾದ ಕಡಲಂಚಿನ ಊರುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ಮರಳು ಬಿಟ್ಟು ಹೋದವು. ಅವರಲ್ಲಿ ಮೀನುಗಾರರೂ ಇದ್ದರು, ರೈತರೂ ಇದ್ದರು. ಪರಿಹಾರಕ್ಕಾಗಿ ವರ್ಷಾನುಗಟ್ಟಲೆ ಕೋರ್ಟು ಕಚೇರಿ ಅಲೆದವರುಂಟು. ಕದಂಬರ ಹೆಸರಿನ ನೆಲೆಗಾಗಿ ದಂಡೆ ಬಿಟ್ಟುಕೊಟ್ಟವರು, ಕದಂಬರ ಹಡಗು ನಡೆಸಿದ ಜನರ ವೃತ್ತಿಯನ್ನೇ ಮುಂದುವರಿಸಿಕೊಂಡು ಬಂದವರು. ಕಡಲ ಪರಂಪರೆಯ ಹಬ್ಬದಲ್ಲಿ ಅವರಿಗೆ ಗ್ಯಾಲರಿಯ ಕುರ್ಚಿ ಮಾತ್ರ ಸಿಕ್ಕರೆ ಅದು ಅರ್ಧ ಹಬ್ಬ.

ಕಾರವಾರದ ಟಾಗೋರ್ ಕಡಲತೀರದಲ್ಲಿ ಮಯೂರವರ್ಮ ವೇದಿಕೆಯಿದೆ. ಕರಾವಳಿ ಉತ್ಸವ ನಡೆಯುವುದು ಅಲ್ಲೇ. ಹೆಸರಾಂತ ಗಾಯಕರು ಬರುತ್ತಾರೆ, ದೀಪಗಳು ಝಗಮಗಿಸುತ್ತವೆ, ಜನ ಸೇರುತ್ತಾರೆ. ಸೇರಲಿ, ತಪ್ಪೇನಿಲ್ಲ. ಆ ಸಂಜೆಗಳಲ್ಲಿ ಒಂದನ್ನಾದರೂ ನಾರಿನ ಹಗ್ಗ ಹೊಸೆಯುವ ಹೆಂಗಸರಿಗೆ, ಬಲೆ ನೇಯುವ ಮುದುಕರಿಗೆ, ಪಾತಿದೋಣಿ ಕೆತ್ತುವ ಬಡಗಿಗೆ ಕೊಡಬಹುದು. ಮಕ್ಕಳು ಅವರ ಪಕ್ಕ ಕುಳಿತು ಒಂದು ಹೊಲಿಗೆ ಹಾಕಿ ನೋಡಬಹುದು. ಖಾರ್ವಿ, ಹರಿಕಂತ್ರ, ಗಾಬಿತ, ಅಂಬಿಗ, ಮೊಗವೀರ ಮನೆಗಳಲ್ಲಿ ಗಾಳಿಗೆ, ಅಲೆಗೆ, ನೀರಿನ ಬಣ್ಣಕ್ಕೆ ಇರುವ ಪದಗಳನ್ನು ಯಾರಾದರೂ ಧ್ವನಿಮುದ್ರಿಸಿಕೊಳ್ಳಬಹುದು. ಹಡಗನ್ನು ಚಿತ್ರ ನೋಡಿ ಮತ್ತೆ ಕಟ್ಟಬಹುದು, ಕೌಂಡಿನ್ಯ ಅದನ್ನು ತೋರಿಸಿಕೊಟ್ಟಿತು. ಆದರೆ ಕಟ್ಟಲು ಸಾಧ್ಯವಾದದ್ದು ಹೊಲಿಗೆ ಬಲ್ಲ ಕೆಲವರಾದರೂ ಉಳಿದಿದ್ದರಿಂದ. ಮರೆತುಹೋದ ಮಾತನ್ನು ಯಾವ ಗುಹೆಯ ಗೋಡೆಯಿಂದ ಮತ್ತೆ ತರುವುದು?

ನಿಜ ಹೇಳಬೇಕೆಂದರೆ ಕಡಲ ಮಕ್ಕಳ ಹಬ್ಬವನ್ನು ನಾವು ಪುಣೆಯಲ್ಲೂ ಆಚರಿಸುತ್ತೇವೆ, ಗೊತ್ತಿಲ್ಲದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಳೆಯ ಬಿರುಸು ಇಳಿದು ಶ್ರಾವಣದ ಹುಣ್ಣಿಮೆ ಬಂದಾಗ ದಂಡೆಯ ಜನ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ, ‘ಇನ್ನು ನಿನ್ನ ಮೈಮೇಲೆ ಬರುತ್ತೇವೆ, ಕಾಪಾಡು’ ಎಂದು ಬೇಡಿಕೊಳ್ಳುತ್ತಾರೆ. ಪುಣೆಯ ಮನೆಗಳಲ್ಲಿ ಆ ದಿನ ನಾರಳೀ ಭಾತ ಮಾಡುತ್ತಾರಲ್ಲ, ಪಕ್ಕದ ಮನೆಯ ಮ್ಹಾತ್ರೆ ಕಾಕು ಒಂದು ಬಟ್ಟಲು ನಿಮಗೂ ತಂದುಕೊಡುತ್ತಾರಲ್ಲ, ಅದರ ಬೇರು ಇಲ್ಲಿದೆ. ಈ ಬಾರಿ ಆ ಸಿಹಿಯನ್ನು ತಿನ್ನುವಾಗ ಮಕ್ಕಳಿಗೆ ಬೊಮ್ಮನ ಕಥೆಯನ್ನೂ ಹೇಳಿ.

ಬೇಸಿಗೆ ರಜೆಗೆ ಊರಿಗೆ ಹೋಗುವವರು ಎರಡು ದಿನ ಹೆಚ್ಚು ಇಟ್ಟುಕೊಂಡು ಘಟ್ಟ ಇಳಿದು ಬನ್ನಿ. ಕಾರವಾರದ ತೀರದಲ್ಲಿ 2006ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿರುವ ಯುದ್ಧನೌಕೆ ‘ಚಪಲ್’ ಹತ್ತಿ ನೋಡಿ. ಕುಮಟಾ ಬಳಿಯ ಮಿರ್ಜಾನ್ ಕೋಟೆಗೆ ಹೋಗಿ. ಬಸರೂರಿನ ಹಳೆಯ ಬೀದಿಗಳಲ್ಲಿ ನಡೆಯಿರಿ. ಮಲ್ಪೆಯ ಬಂದರಿನಲ್ಲಿ ಬೆಳಗಿನ ಜಾವ ಮೀನಿನ ಹರಾಜು ಕೇಳಿ. ಅಲ್ಲಿಯ ಹಿರಿಯರೊಬ್ಬರನ್ನು ‘ಅಜ್ಜಾ, ಈ ಗಾಳಿಗೆ ನಿಮ್ಮಲ್ಲಿ ಏನಂತಾರೆ?’ ಎಂದು ಕೇಳಿ ನೋಡಿ.

ಕೇಳಿದ ಪದವನ್ನು ಒಂದು ಕಾರ್ಡಿನಲ್ಲಿ ಬರೆದು ನಮಗೆ ಕಳಿಸಿ. ಕರಾವಳಿಯ ಮೂಲದ ಕೇಳುಗರು ನಿಮ್ಮ ಮನೆಯ ಹಿರಿಯರಿಂದ ಕೇಳಿದ ದೋಣಿಯ, ಬಲೆಯ, ಮಳೆಗಾಳಿಯ ಮಾತುಗಳನ್ನು ಬರೆಯಿರಿ. ಬಂದದ್ದನ್ನೆಲ್ಲ ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ನಿಮ್ಮ ಹೆಸರಿನೊಂದಿಗೆ ಓದುತ್ತೇನೆ. ಜೋಳದ ನಾಡಿನವರಿಗೂ ಕಡಲಿನ ನಾಲ್ಕು ಮಾತು ತಿಳಿಯಲಿ. ಮತ್ತೆ ದನಿಯಲ್ಲಿ ಸಿಗೋಣ, ಅಲ್ಲಿಯವರೆಗೆ ನಮಸ್ಕಾರ.